ಐದನೆಯವನು ಬಂದ ಮೇಲೆ

ಹೊಲದ ಬದುವಿನ ಜಗಳವಿರಲಿ, ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿಯುವ ಜಗಳವಿರಲಿ, ನಮ್ಮ ಠಾಣೆಗಳ ಎಫ್‌ಐಆರ್‌ಗಳಲ್ಲಿ ಒಂದು ವಾಕ್ಯ ಹೆಚ್ಚುಕಡಿಮೆ ತಪ್ಪದೆ ಸಿಗುತ್ತದೆ. ‘ಆರೋಪಿತರೆಲ್ಲರೂ ಅಕ್ರಮ ಕೂಟ ರಚಿಸಿಕೊಂಡು, ಕೈಯಲ್ಲಿ ದೊಣ್ಣೆ, ಕುಡುಗೋಲು, ಕಲ್ಲುಗಳನ್ನು ಹಿಡಿದುಕೊಂಡು ಬಂದು, ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದು, ಪ್ರಾಣ ಬೆದರಿಕೆ ಹಾಕಿರುತ್ತಾರೆ.’ ಓದಿದವರಿಗೆ ಇದು ಠಾಣೆಯ ರೈಟರ್ ಕೈಗೆ ಅಂಟಿಕೊಂಡ ಮಾಮೂಲಿ ಬರವಣಿಗೆ ಅನ್ನಿಸಬಹುದು. ಆದರೆ ಅಲ್ಲಿನ ಒಂದೊಂದು ಅಲ್ಪವಿರಾಮಕ್ಕೂ ಒಂದೊಂದು ಕಲಂ ಇದೆ. ಕೂಟಕ್ಕೆ 143, ದೊಂಬಿಗೆ 147, ಮಾರಕಾಸ್ತ್ರಕ್ಕೆ 148, ಹೊಡೆತಕ್ಕೆ 323, ಬೈಗುಳಕ್ಕೆ 504, ಬೆದರಿಕೆಗೆ 506. ಕೊನೆಗೆ ‘ಸಹ ಕಲಂ 149 ಐಪಿಸಿ’. ಬಾಲದಂತೆ ಅಂಟಿಕೊಂಡಿರುವ ಈ ಕೊನೆಯ ಸಂಖ್ಯೆಯೇ ಉಳಿದೆಲ್ಲವನ್ನೂ ಪಟ್ಟಿಯಲ್ಲಿರುವ ಪ್ರತಿಯೊಬ್ಬನ ತಲೆಗೂ ಕಟ್ಟುತ್ತದೆ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಸಂಖ್ಯೆಗಳು ಬದಲಾಗಿವೆ. ಅಕ್ರಮ ಕೂಟ 189ಕ್ಕೆ, ದೊಂಬಿ 191ಕ್ಕೆ, ಹಳೆಯ 149 ಈಗ 190ಕ್ಕೆ ಹೋಗಿದೆ. ಒಳಗಿನ ಮಾತು 1860ರ ಐಪಿಸಿಯಲ್ಲಿ ಇದ್ದದ್ದೇ. ಅಕ್ರಮ ಕೂಟದ ಒಬ್ಬ ಸದಸ್ಯ, ಕೂಟದ ಸಮಾನ ಉದ್ದೇಶ ಸಾಧಿಸಲು ಒಂದು ಅಪರಾಧ ಮಾಡಿದರೆ, ಆ ಹೊತ್ತಿನಲ್ಲಿ ಕೂಟದಲ್ಲಿದ್ದ ಎಲ್ಲರೂ ಅದೇ ಅಪರಾಧದ ಅಪರಾಧಿಗಳು. ಉದ್ದೇಶದಲ್ಲಿ ಅದು ಇರದಿದ್ದರೂ, ಹಾಗಾಗುವ ಸಂಭವವಿದೆ ಎಂದು ಸದಸ್ಯರಿಗೆ ತಿಳಿದಿತ್ತು ಎಂದಾದರೆ ಆಗಲೂ ಅಷ್ಟೇ. ಇರಿದವನಿಗೆ ಏನು ಶಿಕ್ಷೆಯೋ ಪಕ್ಕದಲ್ಲಿ ನಿಂತವನಿಗೂ ಅದೇ ಶಿಕ್ಷೆ. ಕೊಲೆಯಾದರೆ ಗಲ್ಲು ಅಥವಾ ಜೀವಾವಧಿ.

ಹಾಗೆಂದು ಜನ ಸೇರಿದ್ದೆಲ್ಲ ಅಕ್ರಮ ಕೂಟವಲ್ಲ. ಮೊದಲು ಐದು ಜನ ಬೇಕು. ಅವರ ಉದ್ದೇಶ ಕಾನೂನು ಪಟ್ಟಿ ಮಾಡಿರುವ ಐದು ಬಗೆಗಳಲ್ಲಿ ಒಂದಾಗಿರಬೇಕು: ಬಲ ತೋರಿಸಿ ಸರ್ಕಾರವನ್ನೋ ಅಧಿಕಾರಿಯನ್ನೋ ಬೆದರಿಸುವುದು, ಕಾನೂನಿನ ಜಾರಿಗೆ ಅಡ್ಡ ನಿಲ್ಲುವುದು, ನಷ್ಟ ಮಾಡುವುದು ಅಥವಾ ಅತಿಕ್ರಮಿಸುವಂಥ ಅಪರಾಧ, ಆಸ್ತಿಯನ್ನೋ ದಾರಿ-ನೀರಿನ ಹಕ್ಕನ್ನೋ ಬಲವಂತದಿಂದ ಕಿತ್ತುಕೊಳ್ಳುವುದು, ಮಾಡಬೇಕಿಲ್ಲದ್ದನ್ನು ಒಬ್ಬನಿಂದ ಬಲವಂತವಾಗಿ ಮಾಡಿಸುವುದು. ದಾರಿ ಮತ್ತು ನೀರನ್ನು ಕಾನೂನು ಹೆಸರು ಹಿಡಿದು ಹೇಳಿರುವುದು ನೋಡಿದರೆ, ಬರೆದವರಿಗೆ ಹಳ್ಳಿಯ ಜಗಳ ಎಲ್ಲಿ ಹುಟ್ಟುತ್ತದೆಂದು ಗೊತ್ತಿತ್ತು ಅನ್ನಿಸುತ್ತದೆ. ಇನ್ನೊಂದು ವಿವರಣೆಯೂ ಅಲ್ಲಿದೆ. ಸೇರುವಾಗ ಸಕ್ರಮವಾಗಿದ್ದ ಕೂಟ ಆಮೇಲೆ ಅಕ್ರಮವಾಗಬಹುದು. ತಹಶೀಲ್ದಾರರಿಗೆ ಮನವಿ ಕೊಡಲು ಹೊರಟ ಮೆರವಣಿಗೆಯಿಂದ ಕಲ್ಲು ಹಾರಿತು ಅನ್ನಿ. ಅದನ್ನು ನೋಡಿಯೂ ಜೊತೆಗೇ ಮುಂದುವರಿದವನು ಕೂಟದ ಸದಸ್ಯ, ಹಿಂದೆ ಸರಿದು ಮನೆಗೆ ಹೋದವನು ಅಲ್ಲ. ಪುಸ್ತಕದಲ್ಲಿ ಇದು ಸಲೀಸಾಗಿ ಕಾಣುತ್ತದೆ. ನೂರಾರು ಜನರ ನೂಕುನುಗ್ಗಲಿನಲ್ಲಿ ಒಬ್ಬ ಯಾವ ಕ್ಷಣ ಹಿಂದೆ ಸರಿದ ಎಂಬುದನ್ನು ನೋಡಿ ನೆನಪಿಟ್ಟುಕೊಳ್ಳುವವರು ಯಾರು ಎಂಬುದನ್ನು ಮಾತ್ರ ಪುಸ್ತಕ ಹೇಳುವುದಿಲ್ಲ.

ಐದು ಎಂಬ ಸಂಖ್ಯೆಯ ಆಟ ವಕೀಲರಿಗೆ ಚೆನ್ನಾಗಿ ಗೊತ್ತು. 1962ರಲ್ಲಿ ಮೋಹನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಲೆಕ್ಕವನ್ನು ಬಿಡಿಸಿ ಹೇಳಿತು. ಐವರ ಮೇಲೆ, ಅವರ ಮೇಲೆ ಮಾತ್ರ, ಆರೋಪ ಹೊರಿಸಿ ಅವರಲ್ಲಿ ಇಬ್ಬರು ಖುಲಾಸೆಯಾದರೆ ಉಳಿದ ಮೂವರಿಂದ ಅಕ್ರಮ ಕೂಟ ಆಗುವುದಿಲ್ಲ, 149 ಬಿದ್ದುಹೋಗುತ್ತದೆ. ಹೆಸರು ಗೊತ್ತಿಲ್ಲದವರೂ ಜೊತೆಗಿದ್ದರು ಎಂಬುದು ಆರೋಪದಲ್ಲೂ ಸಾಕ್ಷ್ಯದಲ್ಲೂ ಇದ್ದರೆ ಮಾತ್ರ ಸಿಕ್ಕಿಬಿದ್ದವರು ಮೂವರೇ ಆದರೂ ಕೂಟ ಕೂಟವೇ. ದೂರಿನ ಕೊನೆಯಲ್ಲಿ ‘ಮತ್ತು ಇತರರು’ ಎಂದು ಬರೆಸುವುದಕ್ಕೆ ಅಷ್ಟು ಬೆಲೆ ಬಂದದ್ದು ಹೀಗೆ. ಅದೇ ‘ಇತರರು’ ತನಿಖೆಯ ಹೊತ್ತಿನಲ್ಲಿ ತೆರೆದ ಬಾಗಿಲೂ ಆಗಬಹುದು. ಇಂದು ಇಲ್ಲದ ಹೆಸರು ಹದಿನೈದು ದಿನದ ನಂತರ ಪೂರಕ ಹೇಳಿಕೆಯಲ್ಲಿ ಆ ಬಾಗಿಲಿನಿಂದ ಒಳಗೆ ಬರುತ್ತದೆ.

ಐದಕ್ಕಿಂತ ಕಡಿಮೆ ಜನರಿದ್ದರೆ ಬಿಡುಗಡೆ ಎಂದಲ್ಲ. ಅದಕ್ಕೆ ಹಳೆಯ 34ನೇ ಕಲಂ ಇದೆ, ಇಬ್ಬರಿದ್ದರೂ ಸಾಕು. ಅಲ್ಲಿ ಬೇಕಾದದ್ದು ಸಮಾನ ಆಶಯ, ಅಂದರೆ ಮನಸ್ಸುಗಳು ಮೊದಲೇ ಒಂದಾಗಿರಬೇಕು, ಕೃತ್ಯದಲ್ಲಿ ಪಾಲೂ ಇರಬೇಕು. 1923ರಲ್ಲಿ ಕಲ್ಕತ್ತಾದ ಶಂಕರಿತೊಲಾ ಅಂಚೆ ಕಚೇರಿಯಲ್ಲಿ ಹಣ ಎಣಿಸುತ್ತಿದ್ದ ಪೋಸ್ಟ್ ಮಾಸ್ಟರನ್ನು ಗುಂಡಿಟ್ಟು ಕೊಂದ ಪ್ರಕರಣ ಇದಕ್ಕೆ ಮಾದರಿ. ಸಿಕ್ಕಿಬಿದ್ದ ಬರೇಂದ್ರಕುಮಾರ ಘೋಷ್, ನಾನು ಹೊರಗೆ ಅಂಗಳದಲ್ಲಿ ಹೆದರಿ ನಿಂತಿದ್ದೆ ಅಂದ. ನಿಂತದ್ದೂ ಪಾಲೇ ಎಂದಿತು ಲಂಡನ್ನಿನ ಪ್ರಿವಿ ಕೌನ್ಸಿಲ್; ತೀರ್ಪು ಬರೆದ ಲಾರ್ಡ್ ಸಮ್ನರ್ ಅದಕ್ಕೆ, ಸುಮ್ಮನೆ ನಿಂತು ಕಾಯುವವರೂ ಸೇವೆ ಮಾಡುವವರೇ ಎಂಬ ಕವಿ ಮಿಲ್ಟನ್ನನ ಸಾಲನ್ನೂ ಎಳೆದು ತಂದರು. ಆ ಕವಿ ದೇವರ ಸೇವೆಯ ಬಗ್ಗೆ ಬರೆದದ್ದು ಕೊಲೆ ಕೇಸಿಗೆ ಒದಗಿದ್ದನ್ನು ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಮರೆತಿಲ್ಲ. 149ಕ್ಕೆ ಈ ಮನಸ್ಸುಗಳ ಮಿಲನವೂ ಬೇಡ. ಉದ್ದೇಶ ಒಂದೇ ಆಗಿದ್ದರೆ, ಒಬ್ಬರಿಗೊಬ್ಬರು ಮಾತಾಡಿಕೊಂಡಿರಬೇಕೆಂದೂ ಇಲ್ಲ.

ಈ ಕಲಂ ಎಷ್ಟು ದೂರ ಹೋಗಬಲ್ಲದು ಎಂದು ತಿಳಿಯಬೇಕಾದರೆ ಚೌರಿಚೌರಾ ಪ್ರಕರಣ ನೋಡಬೇಕು. ಅಸಹಕಾರ ಚಳವಳಿ ನಿಂತದ್ದು ಅಲ್ಲಿ ಎಂಬಲ್ಲಿಗೆ ನಮ್ಮ ಶಾಲಾ ಪಠ್ಯ ಮುಗಿಯುತ್ತದೆ. ನ್ಯಾಯಾಲಯದ ಕಥೆ ಶುರುವಾಗುವುದು ಆಮೇಲೆ. ಗೋರಖಪುರದ ಆ ಊರಿನ ಸಂತೆಯಲ್ಲಿ ಅಂಗಡಿಗಳ ಮುಂದೆ ಪಿಕೆಟಿಂಗ್ ಮಾಡುತ್ತಿದ್ದ ಭಗವಾನ್ ಅಹೀರ್ ಎಂಬ ಸ್ವಯಂಸೇವಕನನ್ನು ಠಾಣೆಯ ಸಬ್ ಇನ್ಸ್‌ಪೆಕ್ಟರ್ ಹೊಡೆದಿದ್ದ. ಅಹೀರ್ ಸೇನೆಯಲ್ಲಿ ದುಡಿದು ಪಿಂಚಣಿ ಪಡೆಯುತ್ತಿದ್ದವನು. 1922ರ ಫೆಬ್ರುವರಿ 4ರಂದು ಜನ ಮೆರವಣಿಗೆಯಲ್ಲಿ ಠಾಣೆಯ ಮುಂದೆ ಹಾದುಹೋದರು. ಮಾತಿಗೆ ಮಾತು ಬೆಳೆಯಿತು, ಪೊಲೀಸರು ಗುಂಡು ಹಾರಿಸಿದರು, ಮದ್ದು ಮುಗಿದ ಮೇಲೆ ಠಾಣೆಯೊಳಗೆ ಸೇರಿಕೊಂಡರು. ಜನ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರು. ಇಪ್ಪತ್ತಕ್ಕೂ ಹೆಚ್ಚು ಪೊಲೀಸರು, ಚೌಕೀದಾರರು ಸತ್ತರು.

ಮೆರವಣಿಗೆಯಲ್ಲಿ ಸಾವಿರಾರು ಜನರಿದ್ದರು. ಅವರಲ್ಲಿ ಬೆಂಕಿಕಡ್ಡಿ ಗೀರಿದವನು ಯಾರು? ತನಿಖೆಗೆ ಆ ಉತ್ತರ ಬೇಕಿರಲಿಲ್ಲ, ಪಟ್ಟಿ ಬೇಕಿತ್ತು. ಅಹಿಂಸೆಯ ಪ್ರತಿಜ್ಞೆ ಮಾಡಿ ಸ್ವಯಂಸೇವಕರು ಸಹಿ ಹಾಕಿದ್ದ ಪ್ರತಿಜ್ಞಾಪತ್ರಗಳು ಪೊಲೀಸರ ಕೈಗೆ ಸಿಕ್ಕವು. ಯಾರು ಯಾರು ಸ್ವಯಂಸೇವಕರು ಎಂದು ಹುಡುಕಲು ಅವೇ ದಾರಿಯಾದವು. ಅಹಿಂಸೆಗೆ ಬದ್ಧನಾಗಿರುತ್ತೇನೆ ಎಂದು ಒತ್ತಿದ ಹೆಬ್ಬೆಟ್ಟು ಕೊಲೆ ಕೇಸಿಗೆ ಆಧಾರವಾಯಿತು. ಮುಂದಾಳುಗಳಲ್ಲಿ ಒಬ್ಬನಾದ ಶಿಕಾರಿ ಮಾಫಿ ಸಾಕ್ಷಿಯಾದ, ಅವನ ಹೇಳಿಕೆಯೇ ಪ್ರಕರಣದ ಬೆನ್ನೆಲುಬು. ಸೆಷನ್ಸ್ ಕೋರ್ಟಿನಲ್ಲಿ 225 ಜನರ ವಿಚಾರಣೆ ನಡೆದು, 1923ರ ಜನವರಿ 9ರಂದು ನ್ಯಾಯಾಧೀಶ ಹೋಮ್ಸ್ ಒಂದೇ ತೀರ್ಪಿನಲ್ಲಿ 172 ಜನರಿಗೆ ಗಲ್ಲು ವಿಧಿಸಿದ. ಕಲಂನ ಅಕ್ಷರ ಹಿಡಿದು ಓದಿದರೆ ಆ ತೀರ್ಪಿನಲ್ಲಿ ತರ್ಕದ ತಪ್ಪು ಹುಡುಕುವುದು ಕಷ್ಟ. ಕೂಟ ಅಕ್ರಮ, ಉದ್ದೇಶ ಸ್ಪಷ್ಟ, ಇವರು ಅಲ್ಲಿದ್ದರು, ಆದ್ದರಿಂದ ಎಲ್ಲರೂ ಕೊಲೆಗಾರರು.

ಮೇಲ್ಮನವಿಯಲ್ಲಿ ಇವರ ಪರ ನಿಂತವರು ವಕೀಲಿಕೆ ಬಿಟ್ಟು ವರ್ಷಗಳಾಗಿದ್ದ ಮದನ ಮೋಹನ ಮಾಳವೀಯರು. ಅಲಹಾಬಾದ್ ಹೈಕೋರ್ಟ್ 19 ಜನರ ಗಲ್ಲನ್ನು ಮಾತ್ರ ಉಳಿಸಿತು. 110 ಜನರಿಗೆ ಜೀವಾವಧಿ ಗಡಿಪಾರು, 38 ಜನರಿಗೆ ಬಿಡುಗಡೆ. 172 ಎಲ್ಲಿ, 19 ಎಲ್ಲಿ! ಘಟನೆ ಒಂದೇ, ಸಾಕ್ಷಿಗಳೂ ಅವರೇ, ಕಲಂ ಕೂಡ ಅದೇ. ಎರಡು ತೀರ್ಪುಗಳ ನಡುವೆ ಇರುವ ಮನುಷ್ಯರ ಸಂಖ್ಯೆ ನೂರೈವತ್ಮೂರು. 149ರ ಬಗ್ಗೆ ನನಗಿರುವ ತಕರಾರು ಇಲ್ಲೇ ಇದೆ. ಗುಂಪಿನ ಬಲದ ಮೇಲೆ ಅಪರಾಧ ಮಾಡಿದವರು ಗುಂಪಿನ ಮರೆಯಲ್ಲೇ ತಪ್ಪಿಸಿಕೊಳ್ಳಬಾರದು ಎಂಬ ತತ್ವ ಸರಿಯಾದದ್ದು. ಆದರೆ ‘ಏನು ಮಾಡಿದ’ ಎಂಬ ಪ್ರಶ್ನೆಯನ್ನು ಕಾನೂನು ಕೈಬಿಟ್ಟ ಕೂಡಲೇ ಪೂರ್ತಿ ಭಾರ ‘ಇದ್ದನೋ ಇಲ್ಲವೋ’ ಎಂಬುದರ ಮೇಲೆ ಬೀಳುತ್ತದೆ. ಅದನ್ನು ನಿರ್ಧರಿಸುವುದು ಕಲಂ ಅಲ್ಲ, ಹೆಸರುಗಳ ಪಟ್ಟಿ.

ನಮ್ಮಲ್ಲಿ ಈಸೂರಿನ ಕಥೆ ಎಲ್ಲರಿಗೂ ಗೊತ್ತು. 1942ರ ಸೆಪ್ಟೆಂಬರ್ 28ರಂದು ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿಗೆ ಬಂದ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಊರಜನರ ಗುಂಪಿನ ಕೈಯಲ್ಲಿ ಸತ್ತರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಈ ಐವರನ್ನು ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಮಹಿಳೆಯರೂ ಸೇರಿ ಹಲವರಿಗೆ ಜೀವಾವಧಿ ಆಯಿತು. ಹುತಾತ್ಮರೆಂದು ನಾವು ಅವರನ್ನು ನೆನೆಯುತ್ತೇವೆ, ನೆನೆಯಬೇಕಾದದ್ದೇ. ಆದರೆ ಗುಂಪು ಮಾಡಿದ್ದಕ್ಕೆ ಬೆಲೆ ತೆರುವಾಗ ಯಾವ ಐದು ಕೊರಳು ಎಂಬುದನ್ನು ಯಾರಾದರೂ ಆರಿಸಲೇಬೇಕಲ್ಲ ಎಂಬ ಯೋಚನೆ ಆ ಹೆಸರುಗಳನ್ನು ಓದುವಾಗಲೆಲ್ಲ ಬರುತ್ತದೆ.

ಸ್ವಾತಂತ್ರ್ಯದ ನಂತರ ಈ ಕಲಂಗೆ ಒಂದು ಗಟ್ಟಿ ಬೇಲಿ ಹಾಕಿದ್ದು ಹಳೆಯ ಮೈಸೂರಿನ ಪ್ರಕರಣವೇ. 1956ರ ಚಿಕ್ಕರಂಗೇಗೌಡ ವಿರುದ್ಧ ಮೈಸೂರು ರಾಜ್ಯ. ಊರಿನ ಒಬ್ಬನ ಮೇಲೆ ಜನ ಗುಂಪಾಗಿ ಬಿದ್ದರು, ಆತ ಸತ್ತ. ಹೈಕೋರ್ಟಿನ ಪ್ರಕಾರವೇ ಗುಂಪಿನ ಉದ್ದೇಶ ಅವನಿಗೆ ಬುದ್ಧಿ ಕಲಿಸುವಂತೆ ಹೊಡೆಯುವುದು. ಹಾಗಿದ್ದೂ ಕೊಲೆಗೆ 149 ಹಚ್ಚಿ ಶಿಕ್ಷೆಯಾಗಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಉದ್ದೇಶ ಹೊಡೆಯುವುದಷ್ಟೇ ಆಗಿದ್ದರೆ, ಇವನು ಸಾಯುವ ಸಂಭವವಿದೆ ಎಂದು ಉಳಿದವರಿಗೆ ತಿಳಿದಿತ್ತು ಎಂಬುದನ್ನು ಬೇರೆಯಾಗಿ ತೋರಿಸಬೇಕು. ಅದನ್ನು ತೋರಿಸದೆ ಕೊಲೆಯ ಶಿಕ್ಷೆ ನಿಲ್ಲದು ಎಂದಿತು. ನಾಲ್ಕು ಬಿಗಿಯೋಣ ಎಂದು ಹೊರಟವರಲ್ಲಿ ಒಬ್ಬನ ಸೊಂಟದಲ್ಲಿ ಚೂರಿಯಿದ್ದರೆ, ಅದು ಉಳಿದವರ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ ಎಂಬುದರ ಮೇಲೆ ಅವರ ಜೀವಾವಧಿ ನಿಂತಿದೆ. ಕೊಡಲಿ ಹೆಗಲ ಮೇಲೆ ಹೊತ್ತು ಬಂದಿದ್ದರೆ ಆ ವಾದ ನಡೆಯುವುದಿಲ್ಲ. ಕೆಳಹಂತದ ಕೋರ್ಟುಗಳಲ್ಲಿ ಆಯುಧದ ಪಂಚನಾಮೆಯನ್ನು ಅಷ್ಟು ಹಿಂಜಿ ಹಿಂಜಿ ನೋಡುವುದೇಕೆ ಎಂಬುದಕ್ಕೂ ಇದೇ ಕಾರಣ.

ಸುಮ್ಮನೆ ನಿಂತವನ ಗತಿ? ಅದೇ ಕಾಲದ ಬಲಾದೀನ್ ಪ್ರಕರಣದಲ್ಲಿ ಕೋರ್ಟ್, ಬರೀ ಹಾಜರಿ ಸಾಲದು, ಉದ್ದೇಶದಲ್ಲಿ ಸೇರಿದ್ದನೆಂದು ತೋರಿಸುವಂಥದ್ದು ಏನಾದರೂ ಮಾಡಿರಬೇಕು ಎಂದಿತ್ತು. ವಕೀಲರು ಆ ಸಾಲನ್ನು ಬಿಗಿಯಾಗಿ ಹಿಡಿದುಕೊಂಡರು. 1964ರಲ್ಲಿ ಮಸಾಲ್ತಿ ಪ್ರಕರಣ ಬಂತು: ಉತ್ತರ ಪ್ರದೇಶದ ಹಳ್ಳಿಯ ಎರಡು ಬಣಗಳ ಹಗೆ, ಐವರ ಕೊಲೆ. ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡಕರ್ (ಹೆಸರಿನಲ್ಲೇ ನಮ್ಮ ಗಜೇಂದ್ರಗಡವನ್ನು ಹೊತ್ತವರು) ಬಲಾದೀನ್ ಮಾತನ್ನು ಅದರ ಸಂದರ್ಭಕ್ಕೆ ಕಟ್ಟಿಹಾಕಿದರು. ಕುತೂಹಲಕ್ಕೆ ಬಂದು ನೋಡುತ್ತಿದ್ದವರೂ ಇದ್ದ ಪ್ರಕರಣದಲ್ಲಿ ಹೇಳಿದ ಮಾತದು. ಸದಸ್ಯನೆಂದು ಖಚಿತವಾದರೆ ಪ್ರತಿಯೊಬ್ಬನೂ ಕೈ ಎತ್ತಿದ್ದನ್ನು ಸಾಬೀತುಪಡಿಸಬೇಕಿಲ್ಲ ಎಂದರು. ಹಾಗಾದರೆ ಸದಸ್ಯನೆಂದು ಖಚಿತವಾಗುವುದು ಹೇಗೆ? ದೊಡ್ಡ ಗುಂಪಿನ ಪ್ರಕರಣಗಳಲ್ಲಿ ಇಬ್ಬರೋ ಮೂವರೋ ಅಥವಾ ಹೆಚ್ಚು ಸಾಕ್ಷಿಗಳು ಒಂದೇ ರೀತಿ ಗುರುತಿಸಿದರೆ ನಂಬಬಹುದು ಎಂಬ ಪರೀಕ್ಷೆಯನ್ನೂ ಆ ತೀರ್ಪು ಎತ್ತಿಹಿಡಿಯಿತು. ಸಾಕ್ಷ್ಯವನ್ನು ಎಣಿಸಬಾರದು, ತೂಗಬೇಕು ಎನ್ನುವ ಕಾನೂನಿನಲ್ಲಿ ಇದೊಂದೇ ಕಡೆ ಎಣಿಕೆ ಒಳಗೆ ಬಂತು. ಕೊಂಚ ಯಾಂತ್ರಿಕ ಎಂದು ನ್ಯಾಯಮೂರ್ತಿಗಳೇ ಒಪ್ಪಿಕೊಂಡರು. ನನಗೆ ಮಾತ್ರ ಈ ಇಡೀ ಕಾನೂನಿನಲ್ಲಿ ಆರೋಪಿಯ ನಿಜವಾದ ರಕ್ಷಣೆ ಈ ಯಾಂತ್ರಿಕ ಎಣಿಕೆಯೇ ಅನ್ನಿಸುತ್ತದೆ.

ಸೆಷನ್ಸ್ ಕೋರ್ಟಿನಲ್ಲಿ ಇಂಥ ವಿಚಾರಣೆ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು. ಆರೋಪಿಗಳಿಗೆ ಕಟಕಟೆ ಸಾಲದೆ ಗೋಡೆಯುದ್ದಕ್ಕೂ ನಿಲ್ಲಿಸಿರುತ್ತಾರೆ. ಸಾಕ್ಷಿ ಎ1, ಎ2, ಎ3ರ ಹೆಸರು ಹೇಳುತ್ತಾನೆ, ಅವರೆಲ್ಲ ಊರಿನ ಗೌಡರು, ಪಂಚಾಯ್ತಿ ಸದಸ್ಯರು, ಗುರುತು ಹಿಡಿಯುವುದು ಸುಲಭ. ಎ14ಕ್ಕೆ ಬರುವಷ್ಟರಲ್ಲಿ ದನಿ ತಗ್ಗುತ್ತದೆ. ಆರೋಪಿ ಪರ ವಕೀಲರು ‘ಎ23 ಯಾರು, ತೋರಿಸಿ’ ಅಂದಾಗ ಬೆರಳು ಇನ್ಯಾರದೋ ಮೇಲೆ ನಿಲ್ಲುತ್ತದೆ. ಇದರಲ್ಲಿ ಸುಳ್ಳಿರಬೇಕೆಂದೇನಿಲ್ಲ. ಸಂಜೆಗತ್ತಲಲ್ಲಿ, ಜೀವಭಯದಲ್ಲಿ, ಆರು ವರ್ಷದ ಹಿಂದೆ ಕಂಡ ಮುಖ ಅದು.

ಪಟ್ಟಿ ಮಾಡುವ ಈ ಕಷ್ಟ ಎರಡೂ ಕಡೆ ಕೊಯ್ಯುತ್ತದೆ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರು ಬೆಂಕಿಗೆ ಸಿಕ್ಕಿ ಸತ್ತರು. ಗುಂಪು ಮನೆಯ ಬಾಗಿಲು ಹಾಕಿ ಬೆಂಕಿ ಹಚ್ಚಿತ್ತು. ಸಾಕ್ಷಿಗಳು ಒಬ್ಬೊಬ್ಬರಾಗಿ ಪ್ರತಿಕೂಲ ನುಡಿದರು. 2006ರಲ್ಲಿ ಎಲ್ಲ ಆರೋಪಿಗಳೂ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ, ಅಪರಾಧಿ ಒಬ್ಬನೂ ಇಲ್ಲ. ಗುಂಪನ್ನು ಶಿಕ್ಷಿಸಲೆಂದೇ ಇರುವ ಕಲಂ, ಗುಂಪಿಗೇ ಹೆದರಬೇಕಾದ ಸಾಕ್ಷಿಯನ್ನು ಕಾಯಲಾರದು.

ಅದೇ 2014ರ ಆಗಸ್ಟ್ 28ರಂದು ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಗಂಗಾವತಿಯ ಟಾಕೀಸಿನಲ್ಲಿ ಸಿನಿಮಾ ಟಿಕೆಟ್‌ಗೆ ಶುರುವಾದ ಜಗಳ ಒಂದು ನೆಪ. ಕ್ಷೌರದ ಅಂಗಡಿ, ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶವಿಲ್ಲದ ಹಳೆಯ ಕುದಿ ಒಳಗಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ಜಿಲ್ಲಾ ನ್ಯಾಯಾಲಯ 101 ಜನರನ್ನು ಅಪರಾಧಿಗಳೆಂದಿತು. 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ. ಪರಿಶಿಷ್ಟ ಜಾತಿ-ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಲ್ಲಿ ವಾಸದ ಮನೆಯನ್ನು ಬೆಂಕಿಯಿಂದ ನಾಶ ಮಾಡುವುದಕ್ಕೆ ಜೀವಾವಧಿ ಬಿಟ್ಟು ಕಡಿಮೆ ಶಿಕ್ಷೆ ಇಲ್ಲ. ಅಂಥ ಅಪರಾಧಕ್ಕೆ ಕೂಟದ ಹೊಣೆ ಸೇರಿಕೊಂಡರೆ, ಪಂಜು ಹಿಡಿದ ಕೈಗೂ ಹಿಂದೆ ಕೂಗಿದ ಗಂಟಲಿಗೂ ನ್ಯಾಯಾಧೀಶರು ವ್ಯತ್ಯಾಸ ಮಾಡಲು ಜಾಗವೇ ಉಳಿಯುವುದಿಲ್ಲ. ಮುಂದಿನ ತಿಂಗಳೇ ಧಾರವಾಡ ಹೈಕೋರ್ಟ್ ಪೀಠ ಬಹುತೇಕ ಎಲ್ಲರಿಗೂ ಜಾಮೀನು ಕೊಟ್ಟಿತು. ತೀರ್ಪು ಬಂದ ದಿನ ಕೆಲವರು ಇದನ್ನು ಐತಿಹಾಸಿಕ ಎಂದರು, ಕೆಲವರು ಇಡೀ ಊರನ್ನೇ ಜೈಲಿಗೆ ಹಾಕಿದ್ದೇ ಎಂದು ಕೇಳಿದರು. ಕಂಬಾಲಪಲ್ಲಿಯನ್ನು ನೋಡಿದ ನನಗೆ ಎರಡನೆಯ ಪ್ರಶ್ನೆಯನ್ನು ಕೇಳುವವರು ಮೊದಲು ಅಲ್ಲಿಗೆ ಉತ್ತರ ಹೇಳಲಿ ಅನ್ನಿಸುತ್ತದೆ. ಆದರೂ ಪ್ರಶ್ನೆ ಸುಳ್ಳಲ್ಲ.

ಇಂಗ್ಲೆಂಡಿನವರು ಇದೇ ಜಾಡಿನಲ್ಲಿ ಒಂದು ಹೆಜ್ಜೆ ಹಿಂದಿಟ್ಟಿದ್ದಾರೆ. ಜೊತೆಗಾರ ಕೊಲ್ಲಬಹುದು ಎಂದು ಮುಂಗಂಡಿದ್ದರೆ ಸಾಕು, ನೀನೂ ಕೊಲೆಗಾರ ಎಂದು 1984ರಿಂದ ಅಲ್ಲಿನ ಕೋರ್ಟುಗಳು ಹೇಳುತ್ತಿದ್ದವು. 2016ರ ಫೆಬ್ರುವರಿಯಲ್ಲಿ ಜೋಗಿ ಎಂಬವನ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಕಾನೂನು ಅಂದೇ ದಾರಿ ತಪ್ಪಿತ್ತು ಎಂದು ಒಪ್ಪಿಕೊಂಡಿತು. ಮುಂಗಾಣುವುದು ಉದ್ದೇಶವಿತ್ತು ಎಂಬುದಕ್ಕೆ ಪುರಾವೆಯಾಗಬಹುದು, ಅದೇ ಉದ್ದೇಶವಲ್ಲ ಎಂದಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಸೂತ್ರದ ಮೇಲೆ ಜೈಲಿಗೆ ಹೋದವರ ಗತಿ ಏನು ಎಂಬುದು ಬೇರೆ ಮಾತು. ನಮ್ಮಲ್ಲಿ ‘ಸಂಭವವಿದೆ ಎಂದು ತಿಳಿದಿತ್ತು’ ಎಂಬುದನ್ನು ಶಾಸನವೇ ಬರೆದಿಟ್ಟಿದೆ. ಕೋರ್ಟು ಅದನ್ನು ಬಿಗಿ ಮಾಡಬಹುದೇ ಹೊರತು ಅಳಿಸಲಾಗದು. 2023ರಲ್ಲಿ ಸಂಹಿತೆ ಹೊಸದಾಗಿ ಬರೆದಾಗ ಸಂಸತ್ತಿಗೆ ಒಂದು ಅವಕಾಶವಿತ್ತು. ಅಕ್ಷರ ಮುಟ್ಟದೆ 190 ಎಂದು ನಂಬರು ಹಾಕಿದರು.

ಹೊಸದಾಗಿ ಸೇರಿಸಿದ್ದು 103ನೇ ಕಲಂನ ಎರಡನೇ ಉಪಕಲಂ. ಐದು ಅಥವಾ ಹೆಚ್ಚು ಜನ ಒಟ್ಟಾಗಿ ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಅಥವಾ ಅಂಥದ್ದೇ ಬೇರೆ ಕಾರಣಕ್ಕೆ ಕೊಲೆ ಮಾಡಿದರೆ ಪ್ರತಿಯೊಬ್ಬನಿಗೂ ಗಲ್ಲು ಅಥವಾ ಜೀವಾವಧಿ. ಗುಂಪು ಹತ್ಯೆಗೆ ಬೇರೆ ಕಾನೂನು ಬೇಕೆಂಬ ಬಹುದಿನದ ಬೇಡಿಕೆಗೆ ಉತ್ತರವಿದು. ಆದರೆ ಬೀದರ್ ಜಿಲ್ಲೆಯ ಔರಾದ್ ಕಡೆಯ ಮುರ್ಕಿಯಲ್ಲಿ 2018ರ ಜುಲೈನಲ್ಲಿ ನಡೆದದ್ದನ್ನು ಇದಕ್ಕೆ ಹೊಂದಿಸಿ ನೋಡಿ. ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರಲ್ಲಿ ಒಬ್ಬರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ಜನ ದಾರಿ ಅಡ್ಡಗಟ್ಟಿದರು, ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಮಕ್ಕಳ ಕಳ್ಳ ಎಂಬ ಅನುಮಾನ ಜಾತಿಯಲ್ಲ, ಭಾಷೆಯಲ್ಲ, ನಂಬಿಕೆಯೂ ಅಲ್ಲ. ‘ಅಂಥದ್ದೇ ಬೇರೆ ಕಾರಣ’ದೊಳಗೆ ಅದನ್ನು ತುರುಕಬಹುದೇ ಎಂದು ವಕೀಲರು ವರ್ಷಗಟ್ಟಲೆ ವಾದಿಸಬಹುದು. ಹಾಗಾಗಿ ಇಂಥ ಸಾವು ಇಂದು ನಡೆದರೂ ತನಿಖಾಧಿಕಾರಿ ಕೈಹಾಕುವುದು ಮಾಮೂಲಿ ಕೊಲೆಯ ಕಲಂಗೆ ಮತ್ತು ‘ಸಹ ಕಲಂ 190’ಕ್ಕೆ. ಮುರ್ಕಿಯಲ್ಲಿ ಬಂಧಿತರಾದವರಲ್ಲಿ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಕೂಡ ಇದ್ದ. ಕೃತ್ಯ ನಡೆದ ಹೊತ್ತಿಗೆ ಕೂಟದಲ್ಲಿ ಇದ್ದಿರಬೇಕು ಎನ್ನುತ್ತದೆ ಕಲಂ. ಪಕ್ಕದ ಊರಿನ ಕಟ್ಟೆಯ ಮೇಲೆ ಕೂತು ‘ಕಾರು ಆ ಕಡೆ ಬರ್ತಿದೆ, ಬಿಡಬೇಡಿ’ ಎಂದು ವಿಡಿಯೊ ಕಳಿಸಿದವನನ್ನು ಅದರಡಿ ತರಲು ಆಗದಿದ್ದರೆ ಪ್ರಚೋದನೆ, ಒಳಸಂಚಿನ ಕಲಂಗಳನ್ನು ಹುಡುಕಬೇಕು. ಅವನ ಮೊಬೈಲಿನಲ್ಲಿ ಸಂದೇಶ ಹೋದ ನಿಮಿಷ, ಸೆಕೆಂಡು ಎಲ್ಲ ದಾಖಲಾಗಿರುತ್ತದೆ. ಸ್ಥಳದಲ್ಲಿದ್ದವರ ವಿರುದ್ಧ ಮಾತ್ರ ಇವತ್ತಿಗೂ ಕೋರ್ಟು ಇಬ್ಬರೋ ಮೂವರೋ ಸಾಕ್ಷಿಗಳ ನೆನಪನ್ನೇ ಕಾಯಬೇಕು.